ಬೊಡ್ಡೆ ಕೀಳಲು ಬಂದ ರಾಟೆಯವರಿಗೆ

ಮಾನ್ಯ ರಾಟೆಯವರೇ,

ಯಾವುದೋ ಗೋದಾಮಿನಲ್ಲಿ ಸಾಮಾನಿನ ಲಿಫ್ಟಿನ ನೆತ್ತಿಯ ಮೇಲೆ ಕೂತು ವರ್ಷಾನುಗಟ್ಟಲೆ ಮೂಟೆಗಳನ್ನು ಮೇಲಕ್ಕೂ ಕೆಳಕ್ಕೂ ಕಳಿಸುತ್ತ, ತಾವು ಮಾತ್ರ ಒಂದು ದಿನವೂ ಮೇಲೂ ಹೋಗದೆ ಕೆಳಗೂ ಬಾರದೆ ಸೇವೆ ಸಲ್ಲಿಸಿ, ಈಗ ನಮ್ಮ ಅಡುಗೆಮನೆಯ ಓಣಿಯಲ್ಲಿ ಕೊಡೆಗಳ ಪಕ್ಕದ ಕೊಕ್ಕೆಗೆ ಜೋತುಬಿದ್ದು ವಿಶ್ರಾಂತಿ ಪಡೆಯುತ್ತಿರುವ ತಮಗೆ, ಅದೇ ಗೋಡೆಯ ಇನ್ನೊಂದು ಬದಿಯಲ್ಲಿ ಕೂತು ಕೈಗಡಿಯಾರ ರಿಪೇರಿ ಮಾಡುವ ನಾನು ಸಲ್ಲಿಸುವ ವಂದನೆಗಳು. ತಮ್ಮ ಗ್ರೀಸು ಕ್ಷೇಮವೆಂದು ನಂಬಿದ್ದೇನೆ. ಅದರ ಒಂದು ಭಾಗ ನಮ್ಮ ಗೋಡೆಯ ಸುಣ್ಣದ ಮೇಲೆಯೂ ಕ್ಷೇಮವಾಗಿದೆ.

ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಬೇಸರಿಸಬಾರದು. ತಮ್ಮ ಮೇಲಿನ ದೂರನ್ನು ಮನೆಯೊಳಗೇ ಇತ್ಯರ್ಥ ಮಾಡಿಕೊಳ್ಳಲು ನಾನು ಪ್ರಾಮಾಣಿಕವಾಗಿ ಯತ್ನಿಸಿದೆ. ಆದರೆ ಮನೆಯವರೆಲ್ಲ ಆಗಲೇ ತಮ್ಮ ಪಕ್ಷ ಸೇರಿಬಿಟ್ಟಿದ್ದಾರೆ. ನನ್ನ ಹೆಂಡತಿ ತಮ್ಮನ್ನು ಆಗಾಗ ಬಟ್ಟೆಯಿಂದ ಒರೆಸುತ್ತಾಳೆ. ನನ್ನ ಅತ್ತೆಯವರು ತಮ್ಮ ಸುದ್ದಿ ಬಂದಾಗಲೆಲ್ಲ "ಪಾಪ, ಅದೇನು ಮಾಡೀತು, ಹೇಳಿದಷ್ಟು ಮಾಡ್ತು" ಅನ್ನುತ್ತಾರೆ. ಹೇಳಿದಷ್ಟು ಮಾಡುವವನು ಎಂಬ ಪ್ರಶಂಸೆ ಈ ಮನೆಯಲ್ಲಿ ನನಗೆ ಈವರೆಗೂ ದೊರೆತಿಲ್ಲವಾದ್ದರಿಂದ, ಹೊರಗಿನವರಲ್ಲಾದರೂ ನನ್ನ ಕಡೆಯವರು ಒಬ್ಬರು ಸಿಕ್ಕಾರು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ತಾವು ಗೋಣಿಚೀಲದಲ್ಲಿ ಇಲ್ಲಿಗೆ ಆಗಮಿಸುವ ಮೊದಲಿನ ಸಂಗತಿಗಳು ತಮಗೆ ತಿಳಿದಿರಲಾರವು. ನಮ್ಮ ಮನೆಯ ಮುಂದೆ ಒಂದು ಅಂಗಳ, ಅಂಗಳದಾಚೆ ಕುತ್ತಿಗೆಯೆತ್ತರದ ಕಾಂಪೌಂಡು ಗೋಡೆ, ಗೋಡೆಯ ನಡುವೆ ಎರಡು ಇಟ್ಟಿಗೆ ಕಂಬಗಳಿಗೆ ಸಿಕ್ಕಿಸಿದ ಗೇಟು, ಮತ್ತು ಗೇಟು ದಾಟಿ ಒಳಗೆ ಕಾಲಿಟ್ಟ ಕೂಡಲೇ ಎದುರಾಗುವ ಒಂದು ಮರದ ಬೊಡ್ಡೆ. ಮರವು ಒಳಗೊಳಗೇ ಟೊಳ್ಳಾಗಿ ಒಣಗಿದ್ದರಿಂದ ಹಿಂದೊಮ್ಮೆ ಅದನ್ನು ಕಡಿಸಿದ್ದೆವು. ಕಡಿಯಲು ಬಂದವರು ಮಂಡಿಯೆತ್ತರದ ಬುಡವನ್ನು ಹಾಗೇ ಉಳಿಸಿ, "ಕಡಿಯೋದು ನಮ್ಮ ಕೆಲಸ, ಕೀಳೋದು ಬೇರೆಯವರ್ದು" ಎಂದು ಹೇಳಿ, ಆ ಬೇರೆಯವರು ಯಾರೆಂಬುದನ್ನು ಮಾತ್ರ ಹೇಳದೆ ಹೊರಟುಹೋದರು. ಅಂದಿನಿಂದ ನಮ್ಮ ಮನೆಗೆ ಮೊದಲ ಸಲ ಬಂದವರನ್ನು ಅವರು ಕುಂಟುವ ರೀತಿಯಿಂದಲೇ ಗುರುತಿಸಬಹುದಿತ್ತು.

ಬೊಡ್ಡೆಯ ಮೇಲೆ ನನಗೆ ವಿಶೇಷ ಅಭಿಪ್ರಾಯವೇನೂ ಇರಲಿಲ್ಲ. ಗೋಡೆಯ ಮೇಲೆ ಮಾತ್ರ ನನಗೆ ಮಮತೆಯಿತ್ತು. ಎಳ್ಳಿನ ಗಾತ್ರದ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಬದುಕುವವನಿಗೆ ಬೀದಿಯೆಂದರೆ ಧೂಳು, ಮತ್ತು ಧೂಳಿಗಿಂತ ಹೆಚ್ಚು ಹಾನಿಕರವಾದ ಕುಶಲೋಪರಿ. ಗೋಡೆ ಎರಡನ್ನೂ ತಡೆಯುತ್ತಿತ್ತು. ಅದರ ಈಚೆ ಕೂತು ಕೆಲಸ ಮಾಡುವಾಗ ಆಚೆ ಹೋಗುವ ಹೆಜ್ಜೆಗಳ ಸದ್ದು ಕೇಳಿ, ಇವುಗಳಲ್ಲಿ ಒಂದೂ ನನ್ನ ಕಡೆಗೆ ಬರುತ್ತಿಲ್ಲವಲ್ಲ ಎಂದು ನಾನು ಅನುಭವಿಸುತ್ತಿದ್ದ ನೆಮ್ಮದಿಯನ್ನು, ಗೋದಾಮಿನ ಕತ್ತಲಲ್ಲಿ ಒಂಟಿಯಾಗಿ ತಿರುಗಿದ ತಾವಾದರೂ ಅರ್ಥ ಮಾಡಿಕೊಳ್ಳಬಹುದಿತ್ತು.

ನನ್ನ ಅತ್ತೆಯವರ ಸ್ವಭಾವ ಇದಕ್ಕೆ ಉಲ್ಟಾ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಂದರೆ ಜೀವಮಾನವಿಡೀ ಒಂದು ಕಿಟಕಿಯ ಹಿಂದೆ ಕೂತು ಗುರುತಿಲ್ಲದವರೊಂದಿಗೆ ಮಾತಾಡಿದವರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರಿಗೆ ಗಾಲಿಕುರ್ಚಿ ಬಂತು, ಮುಂದಿನ ಕೋಣೆಯ ಕಿಟಕಿಯೂ ಸಿಕ್ಕಿತು, ಆದರೆ ಕಿಟಕಿಯ ಆಚೆಗೆ ಗುರುತಿಲ್ಲದವರ ಬದಲು ನನ್ನ ಗೋಡೆಯಿತ್ತು. ಗೋಡೆಯ ಮೇಲಿಂದ ಕಾಣುತ್ತಿದ್ದದ್ದು ಎತ್ತರದವರ ತಲೆಗಳು ಮಾತ್ರ; ಕುಳ್ಳರೆಲ್ಲ ಅವರ ಪಾಲಿಗೆ ಊರು ಬಿಟ್ಟುಹೋಗಿದ್ದರು. ಕಂಡಷ್ಟು ತಲೆಗಳನ್ನೇ ಅವರು ಪರಿಚಯ ಮಾಡಿಕೊಂಡರು. ಒಂದು ಗಂಭೀರವಾದ ಬೋಳುತಲೆಗೆ ಜಡ್ಜು ಎಂದು ಹೆಸರಿಟ್ಟು, "ಇವತ್ತು ಜಡ್ಜಿಗೆ ನೆಗಡಿ, ನೋಡಿ ಹೆಂಗೆ ತಲೆ ತಗ್ಗಿಸ್ಕೊಂಡು ಹೋಗ್ತಿದಾರೆ" ಎಂದು ನಮಗೆ ವರದಿ ಒಪ್ಪಿಸುತ್ತಿದ್ದರು.

ಮೊದಲು ಅವರು ಗೋಡೆ ತಗ್ಗಿಸಲು ಕೇಳಿದರು. ನಾನು ಧೂಳಿನ ವಿಷಯವನ್ನು ಸವಿಸ್ತಾರವಾಗಿ ವಿವರಿಸಿದೆ. ಹಾಗಾದರೆ ನನ್ನನ್ನೇ ಗೇಟಿನ ಹೊರಗೆ ಬಿಡಿ ಎಂದರು. ಮೆಟ್ಟಿಲ ಮೇಲೆ ಹಲಗೆ ಹಾಸಿ ಇಳಿಜಾರು ಮಾಡಿದೆವು, ಕುರ್ಚಿ ಸಲೀಸಾಗಿ ಅಂಗಳಕ್ಕಿಳಿಯಿತು, ಗೇಟಿನ ಹತ್ತಿರ ಹೋಗಿ ನಿಂತುಬಿಟ್ಟಿತು. ಬೊಡ್ಡೆಗೂ ಗೇಟಿನ ಬಲಗಡೆಯ ಕಂಬಕ್ಕೂ ನಡುವಿನ ಜಾಗ ಕುರ್ಚಿಯ ಅಗಲಕ್ಕಿಂತ ನಾಲ್ಕು ಬೆರಳು ಕಡಿಮೆ. ಎಡಗಡೆಯಿಂದ ಹೋಗೋಣವೆಂದರೆ ಬೆಕ್ಕಿಗೂ ಕಷ್ಟ. ಎತ್ತಿಕೊಂಡು ದಾಟಿಸುತ್ತೇವೆಂದರೆ, "ನಾನೇನು ಬೀರುನಾ? ಹೋದ್ರೆ ನನ್ನ ಗಾಲಿ ಮೇಲೆ ನಾನೇ ಹೋಗ್ತೀನಿ, ಇಲ್ಲಾಂದ್ರೆ ಇಲ್ಲೇ ಇರ್ತೀನಿ" ಎಂದು ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದರು. ಆಮೇಲೆ ತಲೆಗಳ ವರದಿ ಕಡಿಮೆಯಾಗುತ್ತ ಬಂತು. ಒಂದು ಸಂಜೆ ಜಡ್ಜು ಹಾದುಹೋದರು, ಅತ್ತೆ ನೋಡಿದರು, ಏನೂ ಹೇಳಲಿಲ್ಲ. ಹೆಂಡತಿ ನನ್ನ ಕಡೆ ತಿರುಗಿದಳು. ಬೊಡ್ಡೆ ಕೀಳಿಸುವುದೆಂದು ಆ ಕ್ಷಣವೇ ತೀರ್ಮಾನವಾಯಿತು.

ಹೀಗೆ ತಮಗೆ ಕರೆ ಹೋಯಿತು. ತಮ್ಮನ್ನು ಕರೆತಂದವನು ನನ್ನ ಭಾವಮೈದುನ, ವೃತ್ತಿಯಲ್ಲಿ ಲಿಫ್ಟು ರಿಪೇರಿಯವನು. ಮನೆಯಲ್ಲಿ ಅವನ ಹೆಸರೇ ಲಿಫ್ಟು. ಚೀಲದಿಂದ ಮೊದಲು ಸರಪಳಿಯವರನ್ನೂ ಆಮೇಲೆ ಹಗ್ಗದವರನ್ನೂ ಕೊನೆಗೆ ಎರಡು ಕೈಯಲ್ಲಿ ತಮ್ಮನ್ನೂ ಹೊರತೆಗೆದು ನನ್ನ ಮುಂದೆ ಹಿಡಿದು, "ಭಾವ, ನೀವು ಇಷ್ಟು ದಿನ ನೋಡಿದ್ದು ಚಕ್ರದ ಮರಿಗಳು. ಚಕ್ರ ಅಂದ್ರೆ ಇದು. ನಾಲ್ಕು ಜನರ ಬಲ ಕೊಟ್ರೆ ಎಂಟು ಜನರ ಬಲ ಮಾಡಿ ಕೊಡುತ್ತೆ" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಯಾರಿಗೆ ಕೊಡುತ್ತದೆ ಎಂದು ನಾನು ಕೇಳಲಿಲ್ಲ, ಅಷ್ಟೆ.

ಬೆಳಗಿನ ಹೊತ್ತೆಲ್ಲ ನಾವು ಬೊಡ್ಡೆಯ ಸುತ್ತ ಗುಂಡಿ ತೋಡಿ, ಕೈಗೆ ಸಿಕ್ಕಿದ ಬೇರುಗಳನ್ನು ಕೊಡಲಿಯಿಂದ ಕತ್ತರಿಸಿ, ಸಿಗದವುಗಳನ್ನು ಬೈದು, ಸರಪಳಿಯವರನ್ನು ಬೊಡ್ಡೆಯ ಕೊರಳಿಗೆ ಸುತ್ತಿದೆವು. ಇನ್ನು ತಾವು ಎಲ್ಲಿ ಆಸೀನರಾಗಬೇಕೆಂಬುದು ಉಳಿಯಿತು. ಭಾವಮೈದುನ ಯೋಚಿಸಲೇ ಇಲ್ಲ. ಅವನ ವೃತ್ತಿಯಲ್ಲಿ ಚಕ್ರ ಕೂರುವುದು ಕಟ್ಟಡದ ನೆತ್ತಿಯಲ್ಲಿ, ಓಡಾಡುವುದು ಪೆಟ್ಟಿಗೆ. ಭಾರವನ್ನೆಲ್ಲ ಕಟ್ಟಡ ಹೊರುತ್ತದೆ, ಮತ್ತು ಯಾವ ಕಟ್ಟಡವೂ ಅವನ ಹತ್ತಿರ ಈವರೆಗೆ ದೂರು ಹೇಳಿಕೊಂಡಿಲ್ಲ. ಆ ಅಭ್ಯಾಸದಲ್ಲೇ ಅವನು ತಮ್ಮನ್ನು ಬೊಡ್ಡೆಗೆ ಸಿಕ್ಕಿಸುವ ಬದಲು ಗೇಟಿನ ಬಲಗಡೆಯ ಕಂಬಕ್ಕೆ, ಅದೂ ಹಗ್ಗ ನೆಲಕ್ಕೆ ಉಜ್ಜದಿರಲೆಂದು ಎದೆಯೆತ್ತರದಲ್ಲಿ, ಬಿಗಿದು ಕಟ್ಟಿದ. "ಚಕ್ರ ಯಾವತ್ತೂ ಗಟ್ಟಿ ಜಾಗದಲ್ಲಿರ್ಬೇಕು ಭಾವ, ಅದು ರೂಲು" ಎಂದು, ಜಾಗ ಎಷ್ಟು ಗಟ್ಟಿಯೆಂಬುದನ್ನು ಕಂಬಕ್ಕೆ ಅಂಗೈಯಿಂದ ಬಡಿದು ತೋರಿಸಿದ. ಕಂಬದೊಳಗೆ ಏನೋ ಪುಡಿ ಪುಡಿಯಾಗಿ ಉದುರಿದ ಸದ್ದಾಯಿತು. ಇಲಿ ಇರಬೇಕು ಎಂದೆ ನಾನು.

ಬೊಡ್ಡೆಯ ಸರಪಳಿಯಿಂದ ಹೊರಟ ಹಗ್ಗ ತಮ್ಮನ್ನು ಒಂದು ಸುತ್ತು ಬಳಸಿ, ಮತ್ತೆ ಬೊಡ್ಡೆಯ ಪಕ್ಕದಿಂದಲೇ ಹಾದು, ಅಂಗಳದಲ್ಲಿ ಮನೆಯ ಮೆಟ್ಟಿಲ ಹತ್ತಿರ ನಿಂತಿದ್ದ ನಮ್ಮ ಕೈಗೆ ಬಂತು. ನಾವೆಂದರೆ ನಾನು, ಭಾವಮೈದುನ, ನನ್ನ ಹೆಂಡತಿ, ಮತ್ತು ಎದುರುಮನೆಯಲ್ಲಿರುವ, ಮಕ್ಕಳಿಗೆ ಈಜು ಕಲಿಸುವವರು. ಈ ಈಜಿನವರು ಸೀಟಿಯಿಲ್ಲದೆ ಚಹಾ ಕೂಡ ಕುಡಿಯಲಾರರು. ಕೈಯಲ್ಲಿ ಎಳೆದರೆ ತೋಳು ಸೋಲುತ್ತದೆ, ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯ ಕಡೆ ಮುಖ ಮಾಡಿ ನಡೆಯಬೇಕು ಎಂಬ ಸಲಹೆ ಅವರದು. ಒಳ್ಳೆಯ ಸಲಹೆ, ಅದರ ಪರಿಣಾಮವಾಗಿ ನಾಲ್ವರೂ ಬೊಡ್ಡೆಗೂ ಕಂಬಕ್ಕೂ ತಮಗೂ ಏಕಕಾಲದಲ್ಲಿ ಬೆನ್ನು ತೋರಿಸಿ ನಿಂತಂತಾಯಿತು. ಹಿಂದೇನಾಗುತ್ತಿದೆ ಎಂದು ನೋಡಲು ಕಣ್ಣುಗಳು ಬೇಕಿದ್ದವು. ಭಾವಮೈದುನ ಕಿಟಕಿಯ ಕಡೆ ಕೂಗಿ, "ಅಮ್ಮ, ನೀನು ನೋಡ್ತಿರು. ಬೊಡ್ಡೆ ಅಲ್ಲಾಡಿದ್ರೆ ಕೂಗು" ಎಂದ. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡರು.

ನಾನು ಪೂರ್ತಿ ಬಲ ಹಾಕಿ ಯಾವುದನ್ನೂ ಎಳೆದವನಲ್ಲ. ನನ್ನ ಕೆಲಸದಲ್ಲಿ ಬಲವೆಂದರೆ ತಪ್ಪು. ಹಿಡಿದ ಉಸಿರು ಕೂಡ ಅಳತೆಯಲ್ಲಿರಬೇಕು. ಹೀಗಾಗಿ ಮೊದಲ ಸೀಟಿಗೆ ಹಗ್ಗ ಹೆಗಲಿಗೆ ಕಚ್ಚಿದಾಗ ನನ್ನೊಳಗೆ ಇಷ್ಟು ಬಲ ಯಾರಿಟ್ಟಿದ್ದರು ಎಂದು ನನಗೇ ಸಂಕೋಚವಾಯಿತು. ಎರಡನೇ ಸೀಟಿಗೆ ಕಿಟಕಿಯಲ್ಲಿ ಅತ್ತೆಯವರ ಹುಬ್ಬು ಮೇಲೇರಿತು. ಮೂರನೆಯದಕ್ಕೆ ಅವರು ಸರಳು ಹಿಡಿದುಕೊಂಡು, "ಅಳಿಯಂದಿರೇ, ಬಿಡ್ಬೇಡಿ! ಇನ್ನೊಂದ್ಸಲ! ಏ ಲಿಫ್ಟು, ನಾಚಿಕೆ ಆಗಲ್ವೇನೋ, ನಿಮ್ಮಕ್ಕ ನಿನಗಿಂತ ಜೋರಾಗಿ ಎಳೀತಿದಾಳೆ!" ಎಂದು ಕೂಗತೊಡಗಿದರು. ಹದಿನಾರು ವರ್ಷದ ಹುಡುಗಿಯ ಹಾಗೆ ಅವರ ಮುಖಕ್ಕೆ ಬೆಳಕು ಏರುತ್ತಿತ್ತು. ನಾನು ಅದನ್ನು ಉತ್ಸಾಹವೆಂದುಕೊಂಡು ಇನ್ನಷ್ಟು ಬಗ್ಗಿ ಎಳೆದೆ. ಅದು ಬೀದಿಯ ಕಡೆಯಿಂದ ಬೀಳುತ್ತಿದ್ದ ಬೆಳಕು ಎಂಬುದು ನನಗೆ ಆಮೇಲೆ ತಿಳಿಯಿತು.

ಮುಂದಿನದನ್ನು ತಾವು ನನಗಿಂತ ಹತ್ತಿರದಿಂದ ಬಲ್ಲಿರಿ. ಹಗ್ಗ ಒಮ್ಮೆಲೇ ಸಡಿಲವಾಯಿತು, ನಾಲ್ವರೂ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದೆವು, ಈಜಿನವರ ಬಾಯಲ್ಲಿದ್ದ ಸೀಟಿ ತಾನಾಗಿಯೇ ಒಮ್ಮೆ ಊದಿಕೊಂಡಿತು. ತಿರುಗಿ ನೋಡಿದರೆ ಧೂಳು. ಧೂಳು ಇಳಿದ ಮೇಲೆ ಕಂಡದ್ದು ಬೊಡ್ಡೆ. ಕೊರಳಿಗೆ ಸರಪಳಿ ಹಾಕಿಕೊಂಡು, ಸನ್ಮಾನ ಸಮಾರಂಭದ ಅಧ್ಯಕ್ಷರಂತೆ, ಇದ್ದಲ್ಲೇ ಕೂತಿತ್ತು. ಅದರ ಪಕ್ಕದಲ್ಲಿ ಗೇಟಿನ ಬಲಗಡೆಯ ಕಂಬ ಅಂಗಳಕ್ಕೆ ಅಡ್ಡಬಿದ್ದು ಇಟ್ಟಿಗೆಯಾಗಿತ್ತು. ಹೋಗುವಾಗ ಅದು ಒಂಟಿಯಾಗಿ ಹೋಗದೆ ಗೇಟಿನ ಬಾಗಿಲನ್ನೂ, ಕಿಟಕಿಯ ನೇರಕ್ಕಿದ್ದ ನನ್ನ ಗೋಡೆಯ ದೊಡ್ಡದೊಂದು ತುಂಡನ್ನೂ ಜೊತೆಗೆ ಕರೆದುಕೊಂಡಿತ್ತು. ಭಾವಮೈದುನ ಓಡಿಹೋಗಿ ಇಟ್ಟಿಗೆಗಳ ಮಧ್ಯದಿಂದ ತಮ್ಮನ್ನು ಎತ್ತಿ, ತಿರುಗಿಸಿ ನೋಡಿ, "ಸದ್ಯ, ಚಕ್ರಕ್ಕೇನೂ ಆಗಿಲ್ಲ" ಎಂದು ನಮಗೆ ಧೈರ್ಯ ಹೇಳಿದ.

ಅಂದಿನಿಂದ ನಾನು ತಮ್ಮ ಲೆಕ್ಕವನ್ನು ಪರಿಶೀಲಿಸುತ್ತಿದ್ದೇನೆ, ಮತ್ತು ಅದರಲ್ಲಿ ಒಂದು ಕೂದಲಿನಷ್ಟೂ ದೋಷ ಸಿಗದಿರುವುದೇ ನನ್ನ ದೂರಿನ ಮುಖ್ಯ ಅಂಶ. ಹಗ್ಗದ ಒಂದು ತುದಿ ನಮ್ಮ ಕಡೆಯಿಂದ ತಮ್ಮನ್ನು ಎಳೆಯುತ್ತಿತ್ತು, ಇನ್ನೊಂದು ಬೊಡ್ಡೆಯ ಕಡೆಯಿಂದ ತಮ್ಮನ್ನು ಎಳೆಯುತ್ತಿತ್ತು, ಎರಡೂ ಅಂಗಳದ ದಿಕ್ಕಿಗೇ. ಬೊಡ್ಡೆಯ ಪಾಲಿಗೆ ನಾಲ್ಕು ಜನರ ಬಲ, ತಮ್ಮನ್ನು ಎದೆಗೆ ಕಟ್ಟಿಕೊಂಡಿದ್ದ ಕಂಬದ ಪಾಲಿಗೆ ಎಂಟು ಜನರದು. ತಮ್ಮನ್ನು ಬೊಡ್ಡೆಗೆ ಕಟ್ಟಿ, ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿ, ನಾವು ಬೀದಿಯಲ್ಲಿ ನಿಂತು ಎಳೆದಿದ್ದರೆ ಈ ಪಾಲು ಅದಲು ಬದಲಾಗುತ್ತಿತ್ತು. ತಾವು ಮಾತು ಕೊಟ್ಟಂತೆ ಇಮ್ಮಡಿ ಮಾಡಿದಿರಿ, ಚೂರೂ ಸೋರಿಸದೆ ತಲುಪಿಸಿದಿರಿ. ಮನೆ ಮಾತ್ರ ಪಕ್ಕದ್ದು. ಎಷ್ಟೋ ಕಚೇರಿಗಳಲ್ಲಿ ತಪ್ಪು ವಿಳಾಸಕ್ಕೆ ಹೋದದ್ದು ಅರ್ಧವೂ ತಲುಪುವುದಿಲ್ಲ ಎಂಬುದನ್ನು ನೆನೆದರೆ ತಮ್ಮ ದಕ್ಷತೆಗೆ ತಲೆಬಾಗಲೇಬೇಕು.

ಇಂಥ ನಿಷ್ಪಕ್ಷಪಾತಿಗಳು ಗೋದಾಮಿನಲ್ಲಿ ವ್ಯರ್ಥವಾಗಬಾರದೆಂದು, ತಮ್ಮನ್ನು ನಮ್ಮ ಊಟದ ಮೇಜಿನ ಮೇಲೆ ತೂಗುಹಾಕಲು ನಾನು ಸೂಚಿಸಿದ್ದೆ. ನಾನೂ ಹೆಂಡತಿಯೂ ವಾದಕ್ಕಿಳಿದಾಗ ತಾವು ಮಧ್ಯೆ ಕೂತು ದುರ್ಬಲರ ಕಡೆಯನ್ನು ಇಮ್ಮಡಿ ಮಾಡಬಹುದಲ್ಲವೇ ಎಂದು. "ಬೇಡ, ಅದು ನನ್ನ ಕಡೆಯನ್ನೇ ಇಮ್ಮಡಿ ಮಾಡಿದ್ರೆ ನೀವು ಉಳೀತೀರಾ?" ಎಂದು ಅವಳು ಕರುಣೆಯಿಂದ ನಿರಾಕರಿಸಿದಳು.

ಈಗ ನನ್ನ ನಷ್ಟದ ವಿಷಯಕ್ಕೆ ಬರುತ್ತೇನೆ. ಸಂಜೆಯೊಳಗೆ ನಾವು ಇಟ್ಟಿಗೆಗಳನ್ನು ಮೂಲೆಗೆ ಸಾಗಿಸಿ, ಗುಂಡಿಗೆ ಮಣ್ಣು ತುಂಬಿ, ಬೊಡ್ಡೆಯ ಮುಂದೆ ತಲೆತಗ್ಗಿಸಿ ನಿಂತಿದ್ದಾಗ ಹಿಂದಿನಿಂದ ಹಲಗೆಯ ಮೇಲೆ ಗಾಲಿಯ ಸದ್ದಾಯಿತು. ಅತ್ತೆ ಕುರ್ಚಿ ನಡೆಸಿಕೊಂಡು ಬಂದು, "ಸ್ವಲ್ಪ ಜರುಗ್ತೀರಾ?" ಎಂದರು. ಜರುಗಿದೆವು. ಕುರ್ಚಿ ಬೊಡ್ಡೆಯನ್ನು ಸವರಿಕೊಂಡು, ಹಿಂದೆ ಕಂಬವಿದ್ದ ಜಾಗದ ಮೇಲೆ ಹಾದು, ಎಲ್ಲಿಯೂ ತಡೆಯದೆ ಹೊರಗೆ ಹೋಯಿತು. ದಾರಿ ಇಕ್ಕಟ್ಟಾಗಿರುವುದು ಬೊಡ್ಡೆಯಿಂದ ಎಂದು ಇಷ್ಟು ದಿನ ನಾವೆಲ್ಲ ನಂಬಿದ್ದೆವು. ಇಕ್ಕಟ್ಟಾಗಲು ಎರಡು ಕಡೆ ಬೇಕು, ಇನ್ನೊಂದು ಕಡೆ ನಾನು ಮೆಚ್ಚಿದ ಕಂಬವಿತ್ತು ಎಂಬುದು ನಾಲ್ವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ದಾಟುವಾಗ ಅತ್ತೆ ಬೊಡ್ಡೆಯ ತಲೆಯನ್ನು ಮೆಲ್ಲಗೆ ತಟ್ಟಿದರು. ಬೀದಿಯಂಚಿಗೆ ಹೋಗಿ ಬ್ರ‍ೇಕು ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಕೌಂಟರು ತೆರೆದವರ ಹಾಗೆ ಎರಡೂ ಕಡೆ ನೋಡಿದರು.

ಮರುದಿನ ಜಡ್ಜು ಬಂದರು. ಆ ಗಂಭೀರವಾದ ತಲೆಯ ಕೆಳಗೆ ಹೂವಿನ ಚಿತ್ರದ ಚಡ್ಡಿಯೂ ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿಯೂ ಇದ್ದವು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸವಂತೆ. "ನಿನ್ನನ್ನ ಜಡ್ಜು ಅನ್ಕೊಂಡಿದ್ನಲ್ಲಪ್ಪ! ಎಂಥಾ ತಲೆ!" ಎಂದು ಅತ್ತೆ ಅಚ್ಚರಿಪಟ್ಟರೆ ಆತ, "ತಲೆ ನಮ್ಮಪ್ಪಂದು ತಾಯಿ, ಉಳಿದಿದ್ದೆಲ್ಲ ನಂದು" ಎಂದು ನಿಂತು ನಕ್ಕು ಹೋದ. ಈಗ ಆತ ದಿನವೂ ನಿಲ್ಲುತ್ತಾನೆ. ಊರು ಬಿಟ್ಟಿದ್ದ ಕುಳ್ಳರೆಲ್ಲ ಒಬ್ಬೊಬ್ಬರಾಗಿ ಮರಳಿದ್ದಾರೆ. ದಾರಿ ಕೇಳುವವರಿಗೆ ಅತ್ತೆ ದಾರಿ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ, ಮತ್ತು ಕೊನೆಯಲ್ಲಿ ಅವರ ಮಣಿಕಟ್ಟಿನ ಕಡೆ ಕಣ್ಣು ಹಾಯಿಸಿ, "ಗಡಿಯಾರ ಸರಿಯಾಗಿ ಓಡ್ತಿದ್ಯಾ? ಒಳಗೆ ನಮ್ಮ ಅಳಿಯಂದಿರಿದ್ದಾರೆ, ಸುಮ್ನೆ ಒಂದ್ಸಲ ತೋರಿಸಿ ಹೋಗಿ" ಎಂದು ಕಳಿಸುತ್ತಾರೆ. ಹೀಗೆ ಧೂಳು, ಕುಶಲೋಪರಿ ಎರಡೂ ಚಪ್ಪಲಿ ಬಿಟ್ಟು ನೇರ ನನ್ನ ಮೇಜಿನವರೆಗೆ ಬರುತ್ತಿವೆ. ಬಿಚ್ಚಿಟ್ಟ ಗಡಿಯಾರಗಳ ಮೇಲೆ ನಾನು ಈಗ ಗಾಜಿನ ಬಟ್ಟಲುಗಳನ್ನು ಬೋರಲು ಹಾಕುತ್ತೇನೆ. ಮೊನ್ನೆ ಹಾಕಲು ಮರೆತು, ತಿರುಪು ಹಿಡಿದ ಚಿಮಟ ಕೈಯಲ್ಲಿರುವಂತೆಯೇ, ಗೋಡೆಯಿಲ್ಲದ ಕಡೆ ನೋಡುತ್ತ ಕೂತಿದ್ದೆನೆಂದು ಹೆಂಡತಿ ಹೇಳಿದಳು. ಇದನ್ನೂ ನಷ್ಟದ ಬಾಬ್ತಿಗೇ ಸೇರಿಸಿಕೊಳ್ಳಬೇಕಾಗಿ ಕೋರುತ್ತೇನೆ.

ಕಂಬ ಮತ್ತೆ ಕಟ್ಟಿಸಲು ಯತ್ನಿಸಲಿಲ್ಲವೇ ಎಂದು ತಾವು ಕೇಳಬಹುದು. ಗಾರೆಯವನನ್ನು ಕರೆಸಿದ್ದೆ. ಅವನು ಬಂದಾಗ ಅತ್ತೆಯವರ ಕುರ್ಚಿ ಸರಿಯಾಗಿ ಕಂಬದ ಜಾಗದ ಮೇಲೆಯೇ ನಿಂತಿತ್ತು. "ಕಂಬ ಎಲ್ಲಿ ಬರ್ಬೇಕಮ್ಮ?" ಎಂದು ಕೇಳಿದ. "ಇಲ್ಲೇ ಬರ್ಬೇಕಪ್ಪ, ನಾನು ಎದ್ದು ಓಡಾಡಿದ ಮೇಲೆ" ಎಂದು ಅತ್ತೆ ತಮ್ಮ ಪಾದದ ಕಡೆ ತೋರಿಸಿದರು. ಅವನು ಮಟ್ಟಗೋಲು ಚೀಲಕ್ಕೆ ಹಾಕಿಕೊಂಡು, ಕೈಗಡಿಯಾರ ನನಗೆ ತೋರಿಸಿ ಹೋದ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟು. ದಯವಿಟ್ಟು ಒಂದು ದಿನ ಬಿಡುವು ಮಾಡಿಕೊಂಡು ಉಲ್ಟಾ ತಿರುಗಿ, ಕಂಬವನ್ನೂ ಗೋಡೆಯನ್ನೂ ಇಟ್ಟಿಗೆಗೆ ಇಟ್ಟಿಗೆ ಸೇರಿಸಿ ಎತ್ತಿ ನಿಲ್ಲಿಸಿಕೊಡಬೇಕು. ಅತ್ತೆಯವರು ಮಾತ್ರ ಹೊರಗೇ ಇರುವಂತೆ, ಅವರಿಗೆ ಬೀದಿ ಕಾಣುವಂತೆ, ನನಗೆ ಕಾಣದಂತೆ, ಅಂಥದೊಂದು ಗೋಡೆ ತಮ್ಮ ಅನುಭವದಲ್ಲಿ ಎಲ್ಲಿಯಾದರೂ ಇದ್ದರೆ. ಇಲ್ಲವಾದರೆ, ಇಷ್ಟು ಬಲ ಹಾಕಿ ಎಳೆದವನು ತಾನು ಏನನ್ನು ಎಳೆಯುತ್ತಿದ್ದೇನೆಂದು ಒಮ್ಮೆ ತಿರುಗಿ ನೋಡುವಂತೆ ಸೂಚಿಸುವ ಒಂದು ಸಣ್ಣ ಗಂಟೆಯನ್ನಾದರೂ ತಮ್ಮ ಮೈಮೇಲೆ ಅಳವಡಿಸಿಕೊಳ್ಳಬೇಕು. ಅದೂ ಆಗದಿದ್ದಲ್ಲಿ ಕೊಡೆಗಳ ಮೇಲೆ ಗ್ರೀಸು ತೊಟ್ಟಿಕ್ಕಿಸುವುದನ್ನಾದರೂ ನಿಲ್ಲಿಸಬೇಕಾಗಿ ವಿನಂತಿ.

ಎಳೆದದ್ದೊಂದು, ಬಂದದ್ದೊಂದು ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಈಗ ಬೀದಿಗೆ ಪೂರ್ತಿ ಕಾಣುವ,
ಗಡಿಯಾರ ರಿಪೇರಿಯವನು

ಪ್ರತಿಗಳು: ಸರಪಳಿಯವರಿಗೆ ಮತ್ತು ಹಗ್ಗದವರಿಗೆ, ಮಾಹಿತಿಗಾಗಿ. ಬೊಡ್ಡೆಯವರಿಗೆ ಕಳಿಸಿಲ್ಲ, ಅವರ ಮೇಲೆ ಸದ್ಯ ಅತ್ತೆಯವರ ಚಹಾದ ಲೋಟವಿದೆ.

ಮರೆತ ಮಾತು: ನಾವು ಬೆನ್ನು ಹಾಕಿ ಎಳೆಯುತ್ತಿದ್ದಾಗ ಕಂಬ ವಾಲುತ್ತಿದ್ದದ್ದು ಕಿಟಕಿಯಲ್ಲಿದ್ದವರಿಗೆ ಕಾಣಲಿಲ್ಲವೇ ಎಂದು ನಿನ್ನೆ ಅತ್ತೆಯವರನ್ನು ವಿನಯದಿಂದಲೇ ಕೇಳಿದೆ. "ಎರಡನೇ ಸೀಟಿಗೇ ಕಾಣ್ತು. ನೀವೆಲ್ಲ ದೂರ ಇದ್ರಿ, ಅದನ್ನೂ ನೋಡ್ಕೊಂಡೆ" ಎಂದರು. ಮತ್ತೇಕೆ ಹೇಳಲಿಲ್ಲ ಎಂದರೆ, "ಬೊಡ್ಡೆ ಅಲ್ಲಾಡಿದ್ರೆ ಕೂಗು ಅಂದಿದ್ದ ನನ್ನ ಮಗ. ಬೊಡ್ಡೆ ಅಲ್ಲಾಡ್ತಾ?" ಎಂದು ನನ್ನನ್ನೇ ಕೇಳಿದರು. ಆಮೇಲೆ, ತಾವು ಇನ್ನೂ ಓಣಿಯ ಕೊಕ್ಕೆಯಲ್ಲೇ ಇದ್ದೀರಾ ಎಂದು ವಿಚಾರಿಸಿ, ಗೇಟಿನ ಎಡಗಡೆಯ ಕಂಬವನ್ನು ಸ್ವಲ್ಪ ಹೊತ್ತು ನೋಡಿ, "ಪಾಪ, ಅದೊಂದೇ ಉಳ್ಕೊಂಡಿದೆ" ಎಂದರು. ತಾವು ಸಿದ್ಧವಾಗಿರುವುದು ಒಳಿತು.